ಗುಜರಿಗೆ ಹೋಗುವ ಎನ್‌ಲಾರ್ಜರ್ ಲೆನ್ಸ್‌ನಲ್ಲಿ ಇರುವೆಯ ಕಣ್ಣೂ ಕಾಣುತ್ತದೆ, ಅಜ್ಜನ ಮುಖವೂ

ಮಂಗಳೂರಿನಿಂದ ಕಾಸರಗೋಡಿನವರೆಗಿನ ಹಳೇ ಸ್ಟುಡಿಯೋಗಳಲ್ಲಿ ಒಂದು ಕಾಲದಲ್ಲಿ ಡಾರ್ಕ್‌ರೂಮ್ ಇರುತ್ತಿತ್ತು. ಒಳಗೆ ಕೆಂಪು ಬಲ್ಬು, ಕೆಮಿಕಲ್ ತುಂಬಿದ ಟ್ರೇಗಳು, ಮೂಲೆಯಲ್ಲಿ ಕಂಬಕ್ಕೆ ಸಿಕ್ಕಿಸಿದ ಎನ್‌ಲಾರ್ಜರ್. ನೆಗೆಟಿವನ್ನು ಅದರೊಳಗೆ ಇಟ್ಟು ಮೇಲಿಂದ ಬೆಳಕು ಬಿಟ್ಟರೆ ಕೆಳಗಿನ ಕಾಗದದ ಮೇಲೆ ದೊಡ್ಡ ಚಿತ್ರ ಬೀಳುತ್ತಿತ್ತು. ಗಲ್ಫಿಗೆ ಹೊರಟವರ ಫೋಟೋ, ಮದುವೆಯ ಫೋಟೋ, ಶಾಲೆಯ ಗ್ರೂಪ್ ಫೋಟೋ ಎಷ್ಟೋ ಹೀಗೇ ತಯಾರಾದವು. ಡಿಜಿಟಲ್ ಬಂದ ಮೇಲೆ ಎನ್‌ಲಾರ್ಜರ್ ಅಟ್ಟ ಸೇರಿತು, ಇಲ್ಲವೇ ಕಿಲೋ ಲೆಕ್ಕದಲ್ಲಿ ಗುಜರಿಗೆ ಹೋಯಿತು. ಅದರ ಜೊತೆಗೆ, ನಿಂಬೆಹಣ್ಣಿನಷ್ಟು ದೊಡ್ಡ ಒಂದು ಒಳ್ಳೆಯ ಲೆನ್ಸೂ ಹೋಯಿತು.

ಈಗ ಕ್ಯಾಮರಾ ಇರುವ ಯುವಕರಲ್ಲಿ ಮ್ಯಾಕ್ರೋ ಫೋಟೋಗ್ರಫಿಯ ಆಸೆ ಇಲ್ಲದವರು ಕಡಿಮೆ. ಕೆಂಪಿರುವೆಯ ಕಣ್ಣು, ಮಳೆಹನಿ, ತಳಂಗರೆ ತೊಪ್ಪಿಯ ಕೈಹೊಲಿಗೆಯ ಒಂದೊಂದು ನೂಲು ಹೀಗೆ ಬರಿಗಣ್ಣಿಗೆ ಕಾಣದ್ದನ್ನು ತೋರಿಸುವ ಫೋಟೋ ಅದು. ಆದರೆ ಹೊಸ ಮ್ಯಾಕ್ರೋ ಲೆನ್ಸಿನ ಬೆಲೆ ಹತ್ತಾರು ಸಾವಿರ ರೂಪಾಯಿ. ಆಸೆ ಅಲ್ಲಿಗೇ ನಿಲ್ಲುತ್ತದೆ. ಅಂಥವರಿಗೆ ಹಳೇ ಎನ್‌ಲಾರ್ಜರ್ ಲೆನ್ಸ್ ಒಂದು ಒಳ್ಳೆಯ ದಾರಿ. ಅಗ್ಗ ಅಂತ ಮಾತ್ರ ಅಲ್ಲ, ಅದು ಹುಟ್ಟಿದ್ದೇ ಹತ್ತಿರದ್ದನ್ನು ನೋಡಲಿಕ್ಕೆ.

ಸಾಮಾನ್ಯ ಕ್ಯಾಮರಾ ಲೆನ್ಸನ್ನು ದೂರದ ಮನುಷ್ಯ, ಮರ, ಬೆಟ್ಟ ಚೆನ್ನಾಗಿ ಬರುವಂತೆ ಲೆಕ್ಕ ಹಾಕಿ ಮಾಡಿರುತ್ತಾರೆ. ತೀರಾ ಹತ್ತಿರ ಹೋದರೆ ಅದರ ಅಂಚುಗಳು ಮಸುಕಾಗುತ್ತವೆ. ಎನ್‌ಲಾರ್ಜರ್ ಲೆನ್ಸಿನ ಕೆಲಸವೇ ಬೇರೆ. 24×36 ಮಿಲಿಮೀಟರಿನ ನೆಗೆಟಿವನ್ನು 8×10 ಇಂಚಿನ ಕಾಗದಕ್ಕೆ ಏರಿಸುವಾಗ ಚಿತ್ರ ಏಳೆಂಟು ಪಟ್ಟು ದೊಡ್ಡದಾಗುತ್ತದೆ. ನೆಗೆಟಿವೂ ಚಪ್ಪಟೆ, ಕಾಗದವೂ ಚಪ್ಪಟೆ. ನಡುವೆ ಸ್ಪಷ್ಟವಾಗಿದ್ದು ಮೂಲೆಯಲ್ಲಿ ಮಸುಕಾದರೆ ಗಿರಾಕಿ ಫೋಟೋ ತೆಗೆದುಕೊಳ್ಳುವುದಿಲ್ಲ. ಹಾಗಾಗಿ ಮೂಲೆಯಿಂದ ಮೂಲೆಗೆ ಒಂದೇ ತೆರನಾದ ಸ್ಪಷ್ಟತೆ ಈ ಲೆನ್ಸುಗಳಲ್ಲಿ ಬರಲೇಬೇಕಿತ್ತು. ಮ್ಯಾಕ್ರೋಗೆ ಬೇಕಾದ್ದೂ ಅದೇ.

ಹೆಸರುಗಳಲ್ಲಿ ಮೊದಲು ಬರುವುದು ನಿಕಾನ್ ಕಂಪೆನಿಯ ಎಲ್-ನಿಕ್ಕೋರ್, ಜರ್ಮನಿಯ ಶ್ನೈಡರ್ ಕಂಪೆನಿಯ ಕಾಂಪೊನಾನ್-ಎಸ್, ರೋಡೆನ್‌ಸ್ಟಾಕ್ ಕಂಪೆನಿಯ ರೋಡಗಾನ್. 50 ಮಿಲಿಮೀಟರ್, ಎಫ್ 2.8 ಎಂದು ಬರೆದದ್ದು ಸಿಕ್ಕಿದರೆ ಬಿಡಬಾರದು. ಇವುಗಳಲ್ಲಿ ಆರು ಗಾಜುಗಳಿವೆ. ಮೂರು, ನಾಲ್ಕು ಗಾಜಿನ ಅಗ್ಗದ ಮಾದರಿಗಳೂ ಇವೆ, ಕಲಿಯಲಿಕ್ಕೆ ಅವೂ ಸಾಕು. 75 ಅಥವಾ 80 ಮಿಲಿಮೀಟರಿನದ್ದು ಸಿಕ್ಕಿದರೆ ಹುಳುವಿಗೆ ಸ್ವಲ್ಪ ದೂರದಿಂದಲೇ ಗುರಿ ಇಡಬಹುದು, ಅದು ಹೆದರಿ ಓಡುವುದಿಲ್ಲ.

ಕೊಳ್ಳುವ ಮೊದಲು ಮೊಬೈಲ್ ಟಾರ್ಚ್ ಹಿಡಿದು ಲೆನ್ಸಿನ ಒಳಗೆ ಓರೆಯಾಗಿ ನೋಡಬೇಕು. ಕರಾವಳಿಯ ಗಾಳಿಯಲ್ಲಿ ವರ್ಷಗಟ್ಟಲೆ ಅಟ್ಟದಲ್ಲಿ ಬಿದ್ದ ಗಾಜಿಗೆ ಫಂಗಸ್ ಹಿಡಿಯುವುದು ಸಾಮಾನ್ಯ. ಜೇಡರ ಬಲೆಯಂಥ ಎಳೆಗಳು ಕಂಡರೆ ಬೇಡ ಅನ್ನುವುದೇ ಲೇಸು. ನಾಲ್ಕು ಧೂಳಿನ ಕಣಗಳಿಗೆ ಮಾತ್ರ ಹೆದರಬೇಕಾಗಿಲ್ಲ. ಮನೆಗೆ ತಂದ ಮೇಲೆ ಸಿಲಿಕಾ ಜೆಲ್ ಹಾಕಿದ ಮುಚ್ಚಳದ ಡಬ್ಬಿಯಲ್ಲಿ ಇಡಬೇಕು. ಮಳೆಗಾಲದಲ್ಲಂತೂ ಇದನ್ನು ಮರೆಯಬಾರದು.

ಇನ್ನು ಕ್ಯಾಮರಾಕ್ಕೆ ಕೂರಿಸುವ ಕೆಲಸ. ಈ ಲೆನ್ಸಿನಲ್ಲಿ ಫೋಕಸ್ ತಿರುಗಿಸುವ ಬಳೆ ಇಲ್ಲ, ಮೋಟಾರ್ ಇಲ್ಲ, ಶಟರ್ ಇಲ್ಲ. ಗಾಜು, ಬೆಳಕಿನ ಕಿಂಡಿಯನ್ನು ಹೆಚ್ಚು ಕಡಿಮೆ ಮಾಡುವ ಒಂದು ಬಳೆ, ಹಿಂದೆ ಒಂದು ಸ್ಕ್ರೂ ಮರೆ, ಇಷ್ಟೇ. ಹೆಚ್ಚಿನವುಗಳಲ್ಲಿ ಮರೆಯ ಅಗಲ 39 ಮಿಲಿಮೀಟರ್, ಅಂದರೆ ಹಳೇ ಲೈಕಾ ಕ್ಯಾಮರಾದ ಅಳತೆ. 39ರಿಂದ 42ಕ್ಕೆ ಹೋಗುವ ಒಂದು ತೆಳು ರಿಂಗ್, 42ರ ಅಳತೆಯ ಎಕ್ಸ್‌ಟೆನ್ಷನ್ ಟ್ಯೂಬುಗಳು, ಕೊನೆಗೆ ತಮ್ಮ ಕ್ಯಾಮರಾದ ಅಡಾಪ್ಟರ್ ಇದ್ದರೆ ಜೋಡಣೆ ಮುಗಿಯಿತು. ಟ್ಯೂಬುಗಳು ಸಾಮಾನ್ಯವಾಗಿ 7, 14, 28 ಮಿಲಿಮೀಟರಿನ ಸೆಟ್ಟಾಗಿ ಬರುತ್ತವೆ. ಮೂರನ್ನೂ ಸೇರಿಸಿದರೆ 49. ದೂರದ ವಸ್ತು ಸ್ಪಷ್ಟವಾಗಿ ಕಾಣುವ ಜಾಗದಿಂದ 50 ಮಿಲಿಮೀಟರ್ ಲೆನ್ಸನ್ನು ಇನ್ನೊಂದು 50 ಮಿಲಿಮೀಟರ್ ಮುಂದಕ್ಕೆ ತಳ್ಳಿದರೆ ವಸ್ತು ಇರುವಷ್ಟೇ ಗಾತ್ರದಲ್ಲಿ ಸೆನ್ಸರಿನ ಮೇಲೆ ಬೀಳುತ್ತದೆ. ಹಾಗಾಗಿ ಡಿಎಸ್‌ಎಲ್‌ಆರ್‌ನಲ್ಲಿ ಈ ಮೂರು ಟ್ಯೂಬು ಹಾಕಿದರೆ ಹೆಚ್ಚುಕಡಿಮೆ ಒಂದಕ್ಕೊಂದು ಸಿಗುತ್ತದೆ. ಮಿರರ್‌ಲೆಸ್ ಕ್ಯಾಮರಾಕ್ಕೆ ಇನ್ನಷ್ಟು ಉದ್ದ ಬೇಕು. ಹಳೇ ಬೆಲ್ಲೋಸ್ ಸಿಕ್ಕಿದರೆ ಟ್ಯೂಬಿನ ಗೋಜೇ ಬೇಡ.

ಲೆನ್ಸ್ ಸಿಕ್ಕಿಸಿದರೂ ಕ್ಯಾಮರಾ ಕ್ಲಿಕ್ ಆಗದಿದ್ದರೆ ಗಾಬರಿ ಬೇಡ. ಲೆನ್ಸ್ ಇಲ್ಲದೆಯೂ ಶಟರ್ ಬಿಡುವ ಆಯ್ಕೆ ಮೆನುವಿನಲ್ಲಿರುತ್ತದೆ, ಅದನ್ನು ಆನ್ ಮಾಡಿ ಮ್ಯಾನುಯಲ್ ಮೋಡಿಗೆ ಬರಬೇಕು. ಇನ್ನೊಂದು ಸಣ್ಣ ಕಿತಾಪತಿ ಇದೆ. ಕತ್ತಲಲ್ಲಿ ನಂಬರ್ ಕಾಣಲಿ ಅಂತ ಕೆಲವು ಲೆನ್ಸಿಗೆ ಒಳಗಿಂದ ಬೆಳಕು ಬರುವ ಪುಟ್ಟ ಕಿಟಕಿ ಇಟ್ಟಿರುತ್ತಾರೆ. ಎನ್‌ಲಾರ್ಜರಿನಲ್ಲಿ ಅದು ಉಪಕಾರಿ. ಕ್ಯಾಮರಾದಲ್ಲಿ ಅದರಿಂದಲೇ ಹೊರಗಿನ ಬೆಳಕು ಒಳಗೆ ನುಗ್ಗಿ ಫೋಟೋ ಪೇಲವವಾಗುತ್ತದೆ. ಒಂದು ತುಂಡು ಕಪ್ಪು ಟೇಪ್ ಅಂಟಿಸಿದರೆ ಮುಗಿಯಿತು.

ಫೋಕಸ್ ಮಾಡುವುದು ಕೈಯಿಂದಲ್ಲ, ಮೈಯಿಂದ. ಇಡೀ ಕ್ಯಾಮರಾವನ್ನೇ ಕೂದಲೆಳೆಯಷ್ಟು ಹಿಂದೆ ಮುಂದೆ ಸರಿಸಬೇಕು. ಒಂದಕ್ಕೊಂದು ಅಳತೆಯಲ್ಲಿ ಎಫ್ 8 ಇಟ್ಟರೂ ಸ್ಪಷ್ಟವಾಗಿ ಬರುವ ಆಳ ಸುಮಾರು ಒಂದು ಮಿಲಿಮೀಟರ್ ಮಾತ್ರ. ಹಾಗಂತ ಕಿಂಡಿಯನ್ನು ಎಫ್ 16ಕ್ಕೆ ಇಳಿಸುವುದು ದೊಡ್ಡ ತಪ್ಪು. ಲೆನ್ಸ್ ಮುಂದೆ ಹೋದಷ್ಟೂ ಕಿಂಡಿ ಇನ್ನೂ ಸಣ್ಣದಿದ್ದಂತೆ ವರ್ತಿಸುತ್ತದೆ. ಒಂದಕ್ಕೊಂದರಲ್ಲಿ 5.6 ಅಂದರೆ 11ರಂತೆ, ಮೂರು ಪಟ್ಟಿನಲ್ಲಿ 22ರಂತೆ. ಅಷ್ಟು ಸಣ್ಣ ಕಿಂಡಿಯಲ್ಲಿ ಬೆಳಕು ಚದುರಿ ಇಡೀ ಚಿತ್ರವೇ ಮೆತ್ತಗಾಗುತ್ತದೆ. 5.6ರ ಆಸುಪಾಸಿನಲ್ಲೇ ಇದ್ದು, ಫೋಕಸನ್ನು ಸ್ವಲ್ಪ ಸ್ವಲ್ಪ ಸರಿಸಿ ಹಲವು ಫೋಟೋ ತೆಗೆದು ಕಂಪ್ಯೂಟರಿನಲ್ಲಿ ಸೇರಿಸುವುದು ಒಳ್ಳೆಯ ಉಪಾಯ. ಬೆಳಕು ಕಡಿಮೆಯಾಗುವುದರಿಂದ ಫ್ಲ್ಯಾಶ್ ಬೇಕೇ ಬೇಕು, ಅದರ ಎದುರಿಗೆ ಒಂದು ಬಿಳಿ ಕಾಗದವೂ.

ಇರುವಷ್ಟೇ ಗಾತ್ರ ಸಾಲದು, ಇರುವೆಯನ್ನು ಮೂರು ಪಟ್ಟು ದೊಡ್ಡದು ಮಾಡಬೇಕು ಅನ್ನುವವರು ಲೆನ್ಸನ್ನು ತಿರುಗಿಸಿ ಹಾಕಬೇಕು. ಕಾರಣ ಸುಲಭ. ಎನ್‌ಲಾರ್ಜರಿನಲ್ಲಿ ಸಣ್ಣ ನೆಗೆಟಿವ್ ಇದ್ದದ್ದು ಲೆನ್ಸಿನ ಬೆನ್ನ ಹಿಂದೆ, ದೊಡ್ಡ ಕಾಗದ ಮುಖದ ಎದುರು. ಈಗ ಸಣ್ಣದು ಇರುವೆ, ದೊಡ್ಡದು ಸೆನ್ಸರಿನ ಮೇಲಿನ ಚಿತ್ರ. ಆದ್ದರಿಂದ ಇರುವೆಗೆ ಲೆನ್ಸಿನ ಬೆನ್ನು ತೋರಿಸಬೇಕು.

ಆದರೆ ಈ ಲೆನ್ಸಿಗೆ ಇರುವೆಗಿಂತಲೂ ಹೊಂದುವ ಒಂದು ಕೆಲಸ ಮನೆಮನೆಯಲ್ಲಿ ಕಾದು ಕೂತಿದೆ. ಅದು ಟ್ರಂಕಿನ ತಳದಲ್ಲಿರುವ ಹಳೇ ನೆಗೆಟಿವ್‌ಗಳು. ಪ್ರಿಂಟ್ ಹರಿದುಹೋದ, ಗೆದ್ದಲು ತಿಂದ ಎಷ್ಟೋ ಮುಖಗಳು ಈಗ ಉಳಿದಿರುವುದು ಅವುಗಳಲ್ಲಿ ಮಾತ್ರ. ಅಸಿಟೇಟ್ ಫಿಲ್ಮ್ ಸೆಕೆ ಮತ್ತು ತೇವದಲ್ಲಿ ಕೊಳೆಯುತ್ತದೆ. ವಿನೆಗರಿನ ಹುಳಿ ವಾಸನೆ ಬಂದರೆ ಶುರುವಾಯಿತು ಅಂತ ಅರ್ಥ. ಆಮೇಲೆ ಅದು ವೇಗವಾಗಿ ಹಬ್ಬುತ್ತದೆ, ಫಿಲ್ಮ್ ಸುರುಟಿಕೊಂಡು ಪದರ ಬಿಡುತ್ತದೆ. ಆ ಹಂತ ಮುಟ್ಟಿದ ಅಜ್ಜನ ಫೋಟೋವನ್ನು ಯಾವ ಸಾಫ್ಟ್‌ವೇರೂ ಪೂರ್ತಿ ವಾಪಸ್ ತರಲಾರದು.

ನೆಗೆಟಿವನ್ನು ಬಿಳಿ ಎಲ್‌ಇಡಿ ಪ್ಯಾನೆಲ್ಲಿನ ಮೇಲೆ ಸ್ವಲ್ಪ ಎತ್ತರಿಸಿ ಇಟ್ಟು ಮೇಲಿಂದ ಫೋಟೋ ತೆಗೆಯಬೇಕು. ಮೊಬೈಲ್ ಸ್ಕ್ರೀನಿನ ಮೇಲೆ ನೇರವಾಗಿ ಇಟ್ಟರೆ ಅದರ ಚುಕ್ಕಿಗಳೂ ಫೋಟೋದಲ್ಲಿ ಬರುತ್ತವೆ. ಫುಲ್‌ಫ್ರೇಮ್ ಕ್ಯಾಮರಾಕ್ಕೆ ಒಂದಕ್ಕೊಂದು ಅಳತೆ ಸರಿ, ಸಣ್ಣ ಸೆನ್ಸರಿನದ್ದಕ್ಕೆ ಅದರ ಮೂರನೇ ಎರಡು ಭಾಗಕ್ಕಿಂತ ಸ್ವಲ್ಪ ಕಡಿಮೆ ಸಾಕು. ಇಲ್ಲಿ ಎನ್‌ಲಾರ್ಜರಿನ ಕಂಬವೂ ಉಪಯೋಗಕ್ಕೆ ಬರುತ್ತದೆ. ಅದರ ತಲೆ ತೆಗೆದು ಆ ಜಾಗದಲ್ಲಿ ಕ್ಯಾಮರಾ ಬಿಗಿದರೆ ಅಲುಗಾಡದ ಸ್ಟ್ಯಾಂಡ್ ಸಿದ್ಧ. ನೆಗೆಟಿವ್ ಇಡುವ ಜಾಗದಲ್ಲಿ ಮೊದಲು ಒಂದು ಸಣ್ಣ ಕನ್ನಡಿ ಇಟ್ಟು ನೋಡಬೇಕು. ಲೆನ್ಸಿನ ಪ್ರತಿಬಿಂಬ ಚಿತ್ರದ ಸರಿಯಾದ ನಡುವಿಗೆ ಬಂದರೆ ಕ್ಯಾಮರಾ ನೇರವಾಗಿದೆ ಅಂತ ಲೆಕ್ಕ. ಆಮೇಲೆ ಕಂಪ್ಯೂಟರಿನಲ್ಲಿ ಕಪ್ಪು ಬಿಳುಪನ್ನು ಅದಲು ಬದಲು ಮಾಡಿದರೆ ಮುಖ ಎದ್ದು ಬರುತ್ತದೆ. ಕಲರ್ ನೆಗೆಟಿವ್‌ಗೆ ಅದರ ಕಿತ್ತಳೆ ಬಣ್ಣ ತೆಗೆಯುವ ಕೆಲಸವೂ ಸೇರುತ್ತದೆ, ಅದಕ್ಕೆ ಸ್ವಲ್ಪ ತಾಳ್ಮೆ ಬೇಕು.

ಹುಳಿ ವಾಸನೆ ಬರುವ ನೆಗೆಟಿವ್‌ಗಳನ್ನು ಉಳಿದವುಗಳ ಜೊತೆ ಇಡದೆ ಕಾಗದದ ಕವರಿಗೆ ಹಾಕಿ ಬೇರೆ ಮಾಡಬೇಕು. ಮೊದಲು ಫೋಟೋ ತೆಗೆಯಬೇಕಾದ್ದೂ ಅವುಗಳದ್ದೇ.