ಅಗ್ಗಿಷ್ಟಿಕೆ, ಬೀಡು ಕಬ್ಬಿಣದ ಒಲೆ ಮತ್ತು ಹೊಗೆಕೊಳವೆ



ತಳಿಯ ಚಳಿಯ ಬಗ್ಗೆ ನಾವು ಹೊಸದಾಗಿ ಹೇಳಬೇಕಾದ್ದಿಲ್ಲ. ಸುಮಾರು 3,000 ಅಡಿ ಎತ್ತರದಲ್ಲಿರುವ ಈ ಊರನ್ನು ಬ್ರಿಟಿಷರು ‘ಲಿಟಲ್ ಇಂಗ್ಲೆಂಡ್’ ಎಂದೇ ಕರೆಯುತ್ತಿದ್ದರು. ಧನುರ್ಮಾಸ ಬಂತೆಂದರೆ ಅಟ್ಟದ ಮೇಲಿನ ಅಗ್ಗಿಷ್ಟಿಕೆ ಕೆಳಗಿಳಿಯುತ್ತದೆ. ಈಚೆಗೆ ಹೊಸ ಮನೆ ಕಟ್ಟಿಸುವ ಕೆಲವರು, ವಿದೇಶದಲ್ಲಿರುವಂತಹ ಬೀಡು ಕಬ್ಬಿಣದ ಸೌದೆ ಒಲೆ ಇಲ್ಲಿಗೂ ಆದೀತೇ ಎಂದು ನಮ್ಮನ್ನು ವಿಚಾರಿಸಿದ್ದಾರೆ. ಆಗುತ್ತದೆ. ಆದರೆ ಮೊದಲು ಅಗ್ಗಿಷ್ಟಿಕೆಯ ವಿಷಯ ಹೇಳಲೇಬೇಕು.

ಇದ್ದಿಲ ಕೆಂಡ ಹೊಗೆಯಾಡುವುದಿಲ್ಲ, ಆದ್ದರಿಂದ ತೊಂದರೆಯಿಲ್ಲ ಎಂದು ಬಹಳ ಜನ ನಂಬಿದ್ದಾರೆ. ಅಪಾಯ ಇರುವುದು ಅಲ್ಲಿಯೇ. ಕೆಂಡದಿಂದ ಕಾರ್ಬನ್ ಮಾನಾಕ್ಸೈಡ್ ಎಂಬ ಅನಿಲ ಹೊರಡುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದಲ್ಲಿರುವ ಹಿಮೋಗ್ಲೋಬಿನ್‌ಗೆ ಅದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಅಂಟಿಕೊಳ್ಳುತ್ತದೆ. ತಲೆನೋವು, ವಾಕರಿಕೆ, ಮಂಪರು, ಆಮೇಲೆ ಪ್ರಜ್ಞೆ ತಪ್ಪುವುದು. ನಿದ್ರೆಯಲ್ಲಿರುವವರಿಗೆ ಇದೊಂದೂ ತಿಳಿಯದೆ ಪ್ರಾಣ ಹೋಗಬಹುದು. ನಮ್ಮಲ್ಲಿ ಬಾಣಂತಿ ಕೋಣೆಗೆ ಶೀತಗಾಳಿ ಬಾರದಂತೆ ಕಿಟಕಿ ಬಿಗಿದು, ಮಂಚದ ಪಕ್ಕ ಕೆಂಡವಿಟ್ಟು ಸಾಂಬ್ರಾಣಿ ಹಾಕುವ ರೂಢಿ ಇದೆಯಲ್ಲ, ನಮಗೆ ಹೆಚ್ಚು ಭಯವಿರುವುದು ಆ ಕೋಣೆಯದೇ.

ಅಜ್ಜಿಯ ಕಾಲದಿಂದ ಇಟ್ಟುಕೊಂಡು ಬಂದಿದ್ದೇವೆ, ಏನೂ ಆಗಿಲ್ಲವಲ್ಲ ಎನ್ನುವವರಿದ್ದಾರೆ. ಅಗ್ಗಿಷ್ಟಿಕೆ ಅದೇ ಇರಬಹುದು, ಮನೆ ಬೇರೆಯಾಗಿದೆ. ನಾಡಹೆಂಚಿನ ಸಂದುಗಳಲ್ಲಿ, ಗವಾಕ್ಷಿಯಲ್ಲಿ ಗಾಳಿ ಆಡುತ್ತಿತ್ತು. ಈಗಿನ ಆರ್.ಸಿ.ಸಿ. ಛಾವಣಿ, ಗಾಜಿನ ಕಿಟಕಿಯ ಕೋಣೆಯಲ್ಲಿ ಆ ಅನಿಲಕ್ಕೆ ಹೊರಹೋಗಲು ದಾರಿಯಿಲ್ಲ. ಬಾಣಂತಿಗೆ ಬೆಚ್ಚಗಿರಬೇಕೆಂದರೆ ಕಂಬಳಿ, ಬಿಸಿನೀರಿನ ಚೀಲ ಸಾಕು. ಸಾಂಬ್ರಾಣಿ ಹಾಕಲೇಬೇಕೆಂದರೆ ಎಚ್ಚರವಿರುವಾಗ, ಬಾಗಿಲು ಕಿಟಕಿ ತೆರೆದು ಹಾಕಿ, ಕೂಡಲೇ ಕೆಂಡವನ್ನು ಹೊರಗಿಡಿ.

ಬೀಡು ಕಬ್ಬಿಣದ ಒಲೆಯ ಅನುಕೂಲವೆಂದರೆ ಬೆಂಕಿ ಪೆಟ್ಟಿಗೆಯೊಳಗೆ ಇರುತ್ತದೆ, ಹೊಗೆ ಕೊಳವೆಯಲ್ಲಿ ಮನೆಯಾಚೆ ಹೋಗುತ್ತದೆ. ದಪ್ಪ ಕಬ್ಬಿಣ ನಿಧಾನವಾಗಿ ಕಾಯ್ದು, ಬೆಂಕಿ ಇಳಿದ ಮೇಲೂ ಬಹಳ ಹೊತ್ತು ಶಾಖ ಕೊಡುತ್ತದೆ. ಅಮೆರಿಕದ ಬೆಂಜಮಿನ್ ಫ್ರಾಂಕ್ಲಿನ್ 1740ರ ದಶಕದಲ್ಲೇ ಇಂತಹದೊಂದನ್ನು ಮಾಡಿ, ಎಲ್ಲರಿಗೂ ಉಪಯೋಗವಾಗಲೆಂದು ಪೇಟೆಂಟ್ ಬೇಡವೆಂದರು. ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ‘ಅಸ್ತ್ರ’ ಕೇಂದ್ರದವರು ರೂಪಿಸಿದ ಅಸ್ತ್ರ ಒಲೆ ಅಡುಗೆಯದು. ಅದರಲ್ಲೂ ಮುಖ್ಯ ಅಂಗ ಹೊಗೆಕೊಳವೆಯೇ.

ಆದ್ದರಿಂದ ಒಲೆಗೆ ಕೊಡುವಷ್ಟೇ ಗಮನವನ್ನು ಕೊಳವೆಗೂ ಕೊಡಿ. ಅದು ಛಾವಣಿಯಿಂದ ಮೇಲಕ್ಕೆ ನೆಟ್ಟಗೆ ಹೋಗಲಿ. ಕಿಟಕಿಯಿಂದ ಅಡ್ಡ ಹಾಯಿಸಿದರೆ ಹೊಗೆ ತಿರುಗಿ ಒಳಗೆ ಬರುತ್ತದೆ. ಕೋಣೆಗೆ ಹೊರಗಾಳಿ ಬರಲು ಒಂದು ಕಿಂಡಿ ಬೇಕು. ಅಡುಗೆಮನೆಯ ಎಕ್ಸಾಸ್ಟ್ ಫ್ಯಾನ್ ಓಡುತ್ತಿದ್ದರೆ ಅದು ಹೊಗೆಯನ್ನು ಒಳಕ್ಕೆಳೆಯಬಹುದು. ಬೀಡು ಕಬ್ಬಿಣ ಗಟ್ಟಿ, ಆದರೆ ಪೆಡಸು. ಕಾಯ್ದಾಗ ತಣ್ಣೀರು ಬಿದ್ದರೆ ಬಿರುಕು ಬಿಡುತ್ತದೆ. ಹೊಸ ಒಲೆಯಲ್ಲಿ ಮೊದಲ ಕೆಲವು ಸಲ ಸಣ್ಣ ಉರಿ ಮಾತ್ರ ಹಾಕಿ.

ಸೌದೆ ಸೀಳಿ, ಮಳೆ ತಾಗದಂತೆ ಪೇರಿಸಿ, ಒಂದು ವರ್ಷವಾದರೂ ಒಣಗಿಸಿದ್ದಾಗಿರಲಿ. ನೀಲಗಿರಿ, ಸರ್ವೆ ಯಾವುದಾದರೂ ಸರಿ. ಎರಡು ತುಂಡು ಬಡಿದರೆ ಟಣ್ ಎನ್ನಬೇಕು. ಜವಳಗಿರಿ ಕಾಡಿನ ಹಸಿ ಸೌದೆಯನ್ನು ಕಾನೂನೂ ಒಪ್ಪುವುದಿಲ್ಲ, ಒಲೆಯೂ ಒಪ್ಪುವುದಿಲ್ಲ. ಹಸಿ ಸೌದೆಯಿಂದ ಕೊಳವೆಯೊಳಗೆ ಟಾರಿನಂತಹ ಮಸಿ ಕಟ್ಟಿ, ಅದಕ್ಕೇ ಬೆಂಕಿ ಹತ್ತಿಕೊಳ್ಳುವುದುಂಟು. ದೀಪಾವಳಿ ಆದಮೇಲೆ, ಚಳಿಗೆ ಮುಂಚೆ, ಒಮ್ಮೆ ಕೊಳವೆ ಶುಚಿ ಮಾಡಿಸಿ.

ನಮ್ಮೂರಿನ ಎರಡು ತಿಂಗಳ ಚಳಿಗೆ ಇಷ್ಟು ಖರ್ಚು ಬೇಕೇ ಎಂಬುದು ಅವರವರಿಗೆ ಬಿಟ್ಟದ್ದು. ಕೊಳವೆ ಹಾಕಿಸಲು ಆಗದಿದ್ದರೆ ಒಲೆ ಬೇಡವೆಂಬುದೇ ನಮ್ಮ ಅಭಿಪ್ರಾಯ.

ಕೆಂಡವಿಟ್ಟ ಕೋಣೆಯಲ್ಲಿ ಯಾರಾದರೂ ತಲೆ ಭಾರ ಎಂದರೆ, ಎಬ್ಬಿಸಿದರೂ ಏಳದಿದ್ದರೆ, ಬಾಗಿಲು ತೆರೆದು ಅವರನ್ನು ಬಯಲಿಗೆ ತನ್ನಿ, 108ಕ್ಕೆ ಕರೆ ಮಾಡಿ. ಬಂದವರಿಗೆ ಕೆಂಡವಿತ್ತೆಂದು ತಪ್ಪದೆ ತಿಳಿಸಿ.