ಗಾಳಿಕೊಡೆಯ ಚೀಲದ ಬಾಯಿ

ಹೋದ ವರುಷದ ಮಳೆಗಾಲದಲ್ಲಿ ಒಂದು ದಿನ ಹೊಲಿಗೆಯ ತಾಸಿನಲ್ಲಿ ಒಂಬತ್ತನೆಯ ಇಯತ್ತೆಯ ಹುಡುಗಿಯೊಬ್ಬಳು ನಮ್ಮನ್ನು ಕೇಳಿದ ಪ್ರಶ್ನೆಯೇ ಈ ಲೇಖನಕ್ಕೆ ಕಾರಣವಾಯಿತು. ಅವಳು ತನ್ನ ಅಣ್ಣನ ಮೊಬೈಲಿನಲ್ಲಿ, ಕೆಲವರು ಎತ್ತರವಾದ ಬಂಡೆಯ ಅಂಚಿನಿಂದ ಧುಮುಕಿ, ಬೆನ್ನ ಮೇಲಿನ ಚೀಲದಿಂದ ಹೊರಬಿದ್ದ ಗಾಳಿಕೊಡೆಯ ಆಧಾರದಿಂದ ನೆಲಕ್ಕಿಳಿಯುವ ಚಿತ್ರವನ್ನು ನೋಡಿದ್ದಳು. "ಅಕ್ಕೋರೆ, ಆ ಚೀಲದ ಬಾಯಿಗೆ ಏನು ಹಚ್ಚಿರ್ತಾರ್ರಿ? ಗುಂಡಿನೋ, ಹುಕ್ಕೋ?" ಎಂದಳು. ನಕ್ಕು ಸುಮ್ಮನಾಗಬೇಕೆಂದಿದ್ದೆವು, ಆದರೆ ಉತ್ತರವು ನಮಗೂ ತಿಳಿಯದೆಂಬುದು ಆಗಲೇ ಹೊಳೆಯಿತು. ಎಂಟು ದಿನದ ಅವಕಾಶ ಬೇಡಿಕೊಂಡೆವು. ಅದೇ ವಾರದಲ್ಲಿ ಅವಳ ತಂದೆಯವರು ಶಾಲೆಗೆ ಬಂದು, ಹೊಲಿಗೆಯಿಂದ ಮಗಳಿಗೆ ಬಿಡುವು ಕೊಟ್ಟರೆ ಗಣಿತಕ್ಕೆ ಅನುಕೂಲವಾಗುವುದೆಂದು ವಿನಯದಿಂದ ಹೇಳಿದರು. ಅವರಿಗೂ ಎಂಟು ದಿನದ ವಾಯಿದೆಯನ್ನೇ ಹೇಳಿದೆವು.

ವಿಮಾನದಿಂದಲ್ಲದೆ ನಿಂತ ನೆಲೆಯಿಂದ ಧುಮುಕುವ ಈ ಸಾಹಸಕ್ಕೆ 'ಬೇಸ್' ಎಂದು ಹೆಸರು. ಬಿಲ್ಡಿಂಗ್, ಆಂಟೆನಾ, ಸ್ಪ್ಯಾನ್, ಅರ್ಥ್, ಅಂದರೆ ಕಟ್ಟಡ, ತಂತಿಕಂಬ, ಸೇತುವೆ, ಬೆಟ್ಟದ ಕಡಿದು, ಎಂಬ ನಾಲ್ಕು ಶಬ್ದಗಳ ಮೊದಲಕ್ಷರಗಳಿಂದ ಅದು ಹುಟ್ಟಿತು. ಅಮೇರಿಕದ ಕಾರ್ಲ್ ಬೀನಿಷ್ ಎಂಬವರು 1978ರಲ್ಲಿ ಎಲ್ ಕ್ಯಾಪಿಟನ್ ಎಂಬ ಬಂಡೆಯಿಂದಾದ ಜಿಗಿತಗಳ ಚಲಚ್ಚಿತ್ರ ತೆಗೆದ ಬಳಿಕ ಇದು ಪ್ರಸಿದ್ಧಿಗೆ ಬಂತು. ಅವರೇ 1984ರಲ್ಲಿ ನಾರ್ವೆ ದೇಶದ ಬಂಡೆಯೊಂದರಲ್ಲಿ ಇಂಥ ಜಿಗಿತದಿಂದಲೇ ತೀರಿಕೊಂಡರು. ಮೈಸೂರಿನ ದಸರೆಯಲ್ಲಿ ವಾಯುದಳದ 'ಆಕಾಶ ಗಂಗಾ' ತಂಡದವರು ಇಳಿಯುವುದನ್ನು ನಮ್ಮ ವಾಚಕರಲ್ಲಿ ಕೆಲವರು ಕಂಡಿರಬಹುದು. ಅದು ವಿಮಾನದಿಂದ ಮಾಡುವ ಜಿಗಿತ. ಇದರ ಸಂಗತಿ ಬೇರೆ.

ಬೇರೆ ಹೇಗಂದರೆ, ಅದನ್ನು ಗಣಿತವೇ ತೋರಿಸುತ್ತದೆ. ವಿಮಾನದಿಂದ ಬಿದ್ದವನಿಗೆ ಸಾವಿರಾರು ಅಡಿಗಳ ಅವಕಾಶವುಂಟು. ಹತ್ತು ಹನ್ನೆರಡು ಸೆಕೆಂಡುಗಳಲ್ಲಿ ಅವನ ವೇಗವು ತಾಸಿಗೆ ಸುಮಾರು 190 ಕಿಲೋಮೀಟರಿಗೆ ಮುಟ್ಟುತ್ತದೆ. ಮೊದಲ ಕೊಡೆ ಕೆಟ್ಟರೆ ಎರಡನೆಯದು ಬೆನ್ನಲ್ಲೇ ಇರುತ್ತದೆ. ಬೇಸ್ ಜಿಗಿತದವನಿಗಾದರೋ ಒಂದೇ ಕೊಡೆ. ಎರಡನೆಯದನ್ನು ಹೊತ್ತರೂ ಬಿಚ್ಚಲು ಸಮಯವಿಲ್ಲ. ಮೊದಲನೆಯ ಸೆಕೆಂಡಿನಲ್ಲಿ ಅವನು 5 ಮೀಟರು ಬೀಳುತ್ತಾನೆ, ಎರಡು ಸೆಕೆಂಡಿಗೆ 20 ಮೀಟರು, ಮೂರಕ್ಕೆ 44. ನೂರು ಮೀಟರಿನ ಕಡಿದಾದರೆ ನಾಲ್ಕೂವರೆ ಸೆಕೆಂಡಿನಲ್ಲಿ ನೆಲ. ಶಬರಿಕೊಳ್ಳದ ದಂಡೆಯಲ್ಲಿ ನಿಂತು ಕೆಳಗೆ ನೋಡಿ ಹಿಂದಕ್ಕೆ ಸರಿದವರಿಗೆ ಈ ಲೆಕ್ಕದ ಅರ್ಥವು ಬೇಗನೆ ಮನಸ್ಸಿಗೆ ಬರುವುದು.

ಈಗ ಚೀಲದ ವಿಷಯ. ದೊಡ್ಡ ಕೊಡೆಯನ್ನು ಮಡಿಚಿ ಚೀಲದಲ್ಲಿಟ್ಟು, ನಾಲ್ಕು ಕಡೆಯ ಅರಿವೆಯ ಮುಚ್ಚಳಗಳನ್ನು ಒಂದರ ಮೇಲೊಂದು ತಂದು ಬಂಧಿಸುತ್ತಾರೆ. ಆ ಬಂಧಕ್ಕೆ ಉದ್ದವಾದ ಪಟ್ಟಿಯೊಂದು ಕೂಡಿರುತ್ತದೆ. ಪಟ್ಟಿಯ ತುದಿಗೆ ಒಂದು ಚಿಕ್ಕ ಕೊಡೆ. ಧುಮುಕಿದವನು ಚಿಕ್ಕ ಕೊಡೆಯನ್ನು ಗಾಳಿಗೆ ಎಸೆಯುತ್ತಾನೆ. ಅದು ಗಾಳಿ ತುಂಬಿಕೊಂಡು ಪಟ್ಟಿಯನ್ನು ಜಗ್ಗಿ, ಬಂಧವನ್ನು ಬಿಚ್ಚಿ, ದೊಡ್ಡ ಕೊಡೆಯನ್ನು ಹೊರಗೆಳೆಯುತ್ತದೆ. ಗಾಳಿಯ ಜಗ್ಗಾಟವು ವೇಗದ ವರ್ಗಕ್ಕೆ ಅನುಸಾರವಾಗಿರುವುದರಿಂದ, ಒಂದು ಸೆಕೆಂಡು ಬಿದ್ದವನ ಚಿಕ್ಕ ಕೊಡೆಗೆ ದೊರೆಯುವ ಬಲವು ಪೂರ್ಣ ವೇಗದ ಬಲದಲ್ಲಿ ಸುಮಾರು ಮೂವತ್ತರಲ್ಲೊಂದು ಪಾಲು ಮಾತ್ರ. ಆದಕಾರಣ ಬೇಸ್ ಜಿಗಿತಕ್ಕೆ ಚಿಕ್ಕ ಕೊಡೆಯನ್ನೇ ದೊಡ್ಡದಾಗಿ ಮಾಡುತ್ತಾರೆ: ವಿಮಾನದ ಜಿಗಿತಕ್ಕೆ 30 ಇಂಚು ಸಾಕಾದರೆ, ಇಲ್ಲಿ 42ರಿಂದ 48 ಇಂಚಿನವರೆಗೂ ಹೋಗುವುದುಂಟು. ಆದರೂ ಬಂಧವು ಬಿಗಿಯಾಗಿದ್ದರೆ ಅದು ಸೋಲುತ್ತದೆ. ಹಾಗೆಂದು ಸಡಿಲಾಗಿಟ್ಟರೆ, ಅಂಚಿನಲ್ಲಿ ನಿಂತಾಗಲೇ ಚೀಲವು ಬಾಯಿ ಬಿಟ್ಟೀತು. ಹಿಡಿಯುವುದೂ ಬಿಡುವುದೂ ಒಂದಕ್ಕೊಂದು ವಿರೋಧವಾದ ಗುಣಗಳು. ಎರಡನ್ನೂ ಒಂದೇ ಬಂಧದಿಂದ ಕೇಳುವುದರಲ್ಲಿಯೇ ಕಷ್ಟವಿದೆ.

ಮೊದಮೊದಲಿನ ಬೇಸ್ ಚೀಲಗಳಲ್ಲಿ ಹಲವಕ್ಕೆ ವೆಲ್ಕ್ರೋ ಪಟ್ಟಿಯನ್ನು ಹಚ್ಚುತ್ತಿದ್ದರು. ನಮ್ಮ ಹೊಲದ ಬದುವಿನಲ್ಲಿ ನಡೆದು ಬಂದರೆ ಉತ್ತರಾಣಿಯ ಬೀಜಗಳು ಸೀರೆಯ ಅಂಚಿಗೆ ಕಚ್ಚಿಕೊಳ್ಳುತ್ತವಲ್ಲವೇ? ಸ್ವಿಟ್ಜರ್ಲೆಂಡಿನ ಜಾರ್ಜ್ ದ ಮೆಸ್ತ್ರಾಲ್ ಎಂಬ ಇಂಜಿನಿಯರರು 1941ರಲ್ಲಿ ತಮ್ಮ ನಾಯಿಯ ಕೂದಲಿಗೆ ಅಂಟಿದ್ದ ಇಂಥವೇ ಮುಳ್ಳುಕಾಯಿಗಳನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿ, ಕೊಕ್ಕೆಯೂ ಕುಣಿಕೆಯೂ ಕೂಡಿದ ಈ ಪಟ್ಟಿಯನ್ನು ಕಲ್ಪಿಸಿದರು. 1955ರಲ್ಲಿ ಪೇಟೆಂಟು ದೊರೆಯಿತು. ಇದರ ಗುಣವು ವಿಚಿತ್ರವಾದುದು. ಪಟ್ಟಿಯ ಉದ್ದಕ್ಕೆ ಜಗ್ಗಿದರೆ ಸಾವಿರ ಕೊಕ್ಕೆಗಳು ಒಟ್ಟಿಗೆ ಹಿಡಿಯುತ್ತವೆ, ಬಿಡವು. ತುದಿಯಿಂದ ಸುಲಿದರೆ ಸಾಲುಸಾಲಾಗಿ ಸುಲಭವಾಗಿ ಬಿಡುತ್ತವೆ. ಆದುದರಿಂದ ಚೀಲದ ಪಟ್ಟಿಯು ಬಾಳೆಹಣ್ಣಿನ ಸಿಪ್ಪೆಯಂತೆ ಸುಲಿಯುವ ಹಾಗೆ ಹೊಲಿಯುತ್ತಿದ್ದರು.

ಆದರೆ ಈ ಪಟ್ಟಿಗೆ ವಯಸ್ಸಿನ ದೋಷವಿದೆ. ಹೊಸತು ಹೆಚ್ಚಾಗಿ ಹಿಡಿಯುತ್ತದೆ, ಹಳೆಯದು ಹಿಡಿಯುವುದೇ ಇಲ್ಲ. ಧೂಳು ನೂಲು ತುಂಬಿದರೆ ಇನ್ನೂ ಬೇಗ ಸೋಲುತ್ತದೆ. ಇದಕ್ಕೆ ದೂರದ ದೃಷ್ಟಾಂತ ಬೇಡ. ಕೆಲವು ವರುಷಗಳ ಹಿಂದೆ ನಾವೇ ಹಟದಿಂದ ಗುಂಡಿಗಳನ್ನು ಬಿಡಿಸಿ ಹುಡುಗಿಯರ ಚೀಲಗಳಿಗೆ ವೆಲ್ಕ್ರೋ ಹೊಲಿಸಿದ್ದೆವು. ಈ ಸೀಮೆಯ ಧೂಳಿಗೆ ಅವು ದೀಪಾವಳಿಯವರೆಗೂ ಬಾಳಲಿಲ್ಲ. ಪುಸ್ತಕ ಬಿದ್ದರೆ ಎತ್ತಿಕೊಳ್ಳಬಹುದು. ಜಿಗಿಯುವವರು ಹೊಸ ಪಟ್ಟಿಯನ್ನು ಧುಮುಕುವ ಮೊದಲೇ ಸ್ವಲ್ಪ ಸುಲಿದು, ಬೇಕಾದಷ್ಟೇ ಹಿಡಿತ ಉಳಿಸುವ ರೂಢಿ ಇತ್ತು.

ಎರಡನೆಯ ವಿಧಾನವು ಪಿನ್ನು. ಕೆಳಗಿನ ಮುಚ್ಚಳಕ್ಕೆ ಗಟ್ಟಿ ದಾರದ ಕುಣಿಕೆ, ಮೇಲಿನವುಗಳಿಗೆ ಲೋಹದ ಕಣ್ಣುಗಳು. ಕುಣಿಕೆಯನ್ನು ಕಣ್ಣುಗಳ ಮೂಲಕ ಮೇಲಕ್ಕೆ ತಂದು, ಅದರೊಳಗೆ ಬಾಗಿದ ನುಣುಪು ಪಿನ್ನನ್ನು ತೂರಿಸುವುದು. ಬೇಸ್ ಚೀಲಗಳಲ್ಲಿ ಸಾಮಾನ್ಯವಾಗಿ ಇಂಥವು ಎರಡು. ಪಿನ್ನು ಬಾಗಿರುವುದೇಕೆಂದರೆ, ಪಟ್ಟಿಯು ಮೇಲಕ್ಕೆ ಜಗ್ಗಿದಾಗ ಅದು ಸಿಕ್ಕಿಕೊಳ್ಳದೆ ತಿರುಗಿ ಜಾರಬೇಕು. ಇದರ ಹಿಡಿತವು ದಿನದಿನಕ್ಕೆ ಸವೆಯುವುದು ಕಡಿಮೆ. ರೆಕ್ಕೆಯ ಉಡುಪು ತೊಟ್ಟು ಬಹಳ ಹೊತ್ತು ಗಾಳಿಯಲ್ಲಿ ತೇಲುವವರಿಗೆ ಇದೇ ಯೋಗ್ಯವೆಂದು ಕಂಡುಬಂತು, ಯಾಕಂದರೆ ಸವೆದ ವೆಲ್ಕ್ರೋ ಮಧ್ಯದಲ್ಲಿಯೇ ಬಿಚ್ಚಿಕೊಂಡೀತು. ಆದರೆ ಇಲ್ಲಿ ತಪ್ಪು ಕೈಯದು. ಕುಣಿಕೆ ಗಿಡ್ಡಾದರೆ ಪಿನ್ನು ಬಿಗಿಯುತ್ತದೆ, ಉದ್ದಾದರೆ ತಾನಾಗಿ ಜಾರುತ್ತದೆ. ಪಟ್ಟಿಯನ್ನು ಅವಸರದಲ್ಲಿ ಪಿನ್ನಿನ ಸುತ್ತ ತಪ್ಪು ದಾರಿಯಿಂದ ತಂದರಂತೂ, ಚಿಕ್ಕ ಕೊಡೆ ಎಷ್ಟು ಜಗ್ಗಿದರೂ ಅದು ಪಿನ್ನನ್ನು ಬಿಡಿಸುವ ಬದಲಾಗಿ ಕಟ್ಟಿಹಾಕುತ್ತದೆ.

ತೀರ ಗಿಡ್ಡ ಎತ್ತರಗಳಲ್ಲಿ ಗಾಳಿಯನ್ನೇ ನಂಬದೆ, ಪಟ್ಟಿಯನ್ನು ನಿಂತ ನೆಲೆಗೇ ದಾರದಿಂದ ಕಟ್ಟುತ್ತಾರೆ. ಸುಮಾರು 80 ಪೌಂಡಿನ ಜಗ್ಗಿಗೆ ಕಡಿಯುವ ದಾರ; ಕೊಡೆಯನ್ನು ಹೊರಗೆಳೆದು ಅದು ಕಡಿಯುತ್ತದೆ. ಗಟ್ಟಿ ದಾರವೇ ಒಳ್ಳೆಯ ದಾರವೆಂದು ನಾವು ಮೂವತ್ತು ವರುಷ ತಿಳಿದಿದ್ದೆವು. ಹೊತ್ತಿಗೆ ಸರಿಯಾಗಿ ಕಡಿಯುವುದೇ ಗುಣವಾದ ದಾರವೂ ಉಂಟೆಂದು ಈಗ ಕಲಿತೆವು.

ಇದೆಲ್ಲ ಗಂಡಸರ ಕೆಲಸವೆಂದು ತಂದೆಯವರು ತಿಳಿಯಬಾರದೆಂದು ಇನ್ನೊಂದು ಸಂಗತಿಯನ್ನೂ ಹುಡುಕಿದೆವು. ಜರ್ಮನಿಯ ಕೇಟೆ ಪೌಲುಸ್ ಎಂಬಾಕೆ ಬಟ್ಟೆ ಹೊಲಿಯುವ ಹೆಂಗಸು. ಅವಳನ್ನು ವರಿಸಲಿದ್ದ ಹರ್ಮನ್ ಲಾಟೆಮನ್ 1894ರಲ್ಲಿ ಬಲೂನಿನಿಂದ ಜಿಗಿದು, ಕೊಡೆ ಅರಳದೆ, ಅವಳ ಕಣ್ಣೆದುರಿಗೇ ಸತ್ತನು. ಅವಳು ಸೂಜಿಯನ್ನು ಕೆಳಗಿಡಲಿಲ್ಲ. ಕೊಡೆಯನ್ನು ಮಡಿಚಿ ಚೀಲದಲ್ಲಿಡುವ ರೀತಿಯನ್ನು ಸುಧಾರಿಸಿ, ಮೊದಲನೆಯ ಮಹಾಯುದ್ಧದಲ್ಲಿ ಸುಮಾರು 7000 ಕೊಡೆಗಳನ್ನು ಸಿದ್ಧಪಡಿಸಿದಳು. ಎರಡನೆಯ ಯುದ್ಧದಲ್ಲಿ ಕೊಡೆಗಳಿಗಾಗಿ ಮೈಸೂರು ಸೀಮೆಯ ರೇಷ್ಮೆಗೆ ಬೇಡಿಕೆ ಬಂದುದನ್ನು ನೇಕಾರರ ಊರಾದ ಸುರೇಬಾನದಲ್ಲಿ ಹೇಳುವುದು ಅಪ್ರಸ್ತುತವಾಗಲಾರದು.

ಎಂಟು ದಿನದ ಬಳಿಕ ತರಗತಿಯಲ್ಲಿ ಎರಡು ಚಿಕ್ಕ ಚೀಲಗಳನ್ನು ಹೊಲಿಸಿ, ಕರವಸ್ತ್ರದ ಕೊಡೆ ಮಡಿಚಿಟ್ಟು, ಒಂದೊಂದು ಕಲ್ಲು ಕಟ್ಟಿ ಮಾಳಿಗೆಯಿಂದ ಬಿಟ್ಟೆವು. ಹೊಸ ವೆಲ್ಕ್ರೋದ ಚೀಲವು ಮುಚ್ಚಿಕೊಂಡೇ ನೆಲಕ್ಕೆ ಬಿತ್ತು. ಒಂದು ಬೆರಳಗಲ ಹಿಡಿತ ಉಳಿಸಿ ಸುಲಿದಿಟ್ಟಾಗ ಬಿಚ್ಚಿತು. ಪಿನ್ನಿನ ಚೀಲವು ಬಿಗಿ ಕುಣಿಕೆಯಲ್ಲಿ ಬಿಚ್ಚಲಿಲ್ಲ. ಕುಣಿಕೆಯನ್ನು ಉದ್ದ ಮಾಡಿದ ಮೇಲೆ ಮೂರು ಸಲ ಸರಿಯಾಗಿ ಅರಳಿತು, ನಾಲ್ಕನೆಯ ಸಲ ಹುಡುಗಿಯ ಕೈಯಲ್ಲಿಯೇ ಬಿಚ್ಚಿಕೊಂಡಿತು. ಅಂಗಳದಲ್ಲಿ ನಿಂತು ನೋಡುತ್ತಿದ್ದ ತಂದೆಯವರು ಕಲ್ಲನ್ನೆತ್ತಿ ತಿರುಗಿಸಿ ನೋಡಿ, "ಕುಣಿಕಿ ಎಷ್ಟು ಉದ್ದ ಇರಬೇಕಂತ ಲೆಕ್ಕಾ ಹಾಕಾಕ ಬರತೈತೇನ್ರಿ, ಅಕ್ಕೋರೆ?" ಎಂದು ಕೇಳಿದರು. ಬರುತ್ತದೆ, ಆದರೆ ಅರಿವೆಯ ದಪ್ಪವು ಕೈಗೆ ಗೊತ್ತಿರಬೇಕೆಂದೆವು. ಬಿಡುವಿನ ಮಾತನ್ನು ಅವರು ಮತ್ತೆ ಎತ್ತಲಿಲ್ಲ. ಆ ಎರಡು ಚೀಲಗಳು ಹೊಲಿಗೆ ಕೋಣೆಯ ಕಪಾಟಿನಲ್ಲಿವೆ; ಹಳೆಯ ವಿದ್ಯಾರ್ಥಿನಿಯರು ಶಾಲೆಗೆ ಬಂದಾಗ ಕೇಳಿ ನೋಡಬಹುದು.