ಬಾರದ ನಾಯಿಕೆಯರು: ಬಾಂಡ್ ಚಿತ್ರಮಾಲೆಯ ಪಾತ್ರಹಂಚಿಕೆಯೂ ಪ್ರೇಕ್ಷಕರ ಹಾರೈಕೆಯೂ

ನಡೆದ ಸಂಗತಿಗಳನ್ನು ನಿರ್ಣಯಿಸುವುದೇ ಇತಿಹಾಸಕಾರನ ಮೊದಲ ಕೆಲಸ. ಆದರೆ ನಡೆಯದೆ ಹೋದುದನ್ನು ಕುರಿತು ಜನರು ಪಟ್ಟ ಆಸೆಯೂ ಒಮ್ಮೊಮ್ಮೆ ಅವನ ಆಕರಗಳ ಸಾಲಿನಲ್ಲಿ ಬಂದು ನಿಲ್ಲುತ್ತದೆ. ಇಯಾನ್ ಫ್ಲೆಮಿಂಗರು ಸೃಷ್ಟಿಸಿದ ಗೂಢಚಾರ ಜೇಮ್ಸ್ ಬಾಂಡನನ್ನು ನಾಯಕನನ್ನಾಗಿ ಮಾಡಿಕೊಂಡು, 1962ರ 'ಡಾಕ್ಟರ್ ನೋ' ಮೊದಲಾಗಿ 2021ರ 'ನೋ ಟೈಮ್ ಟು ಡೈ'ವರೆಗೆ ಈಯಾನ್ ಸಂಸ್ಥೆಯವರು 25 ಚಿತ್ರಗಳನ್ನು ತಯಾರಿಸಿದರು. ಈ ಚಿತ್ರಗಳ ಅಭಿಮಾನಿಗಳಲ್ಲಿ ಬಹುಕಾಲದಿಂದ ಒಂದು ಚರ್ಚೆ ನಡೆದುಬಂದಿದೆ. ಯಾವ ಯಾವ ನಟಿಯರು ಈ ಮಾಲೆಯಲ್ಲಿ ನಾಯಿಕೆಯರಾಗಿ ಬರಬೇಕಾಗಿತ್ತು, ಬಾರದೆ ಹೋದರು ಎಂಬುದೇ ಆ ಚರ್ಚೆ. ರಾಕ್ವೆಲ್ ವೆಲ್ಚ್, ಫೇ ಡನವೇ, ಬ್ರಿಜಿತ್ ಬಾರ್ದೋ, ಕ್ಯಾಥರೀನ್ ದೆನೂವ್, ಡಯಾನಾ ರಾಸ್ ಮೊದಲಾದವರ ಹೆಸರುಗಳು ಅದರಲ್ಲಿ ಮೇಲಿಂದ ಮೇಲೆ ಕೇಳಿಬರುತ್ತವೆ. ಇದನ್ನು ಬರಿಯ ಹರಟೆಯೆಂದು ತಳ್ಳಿಹಾಕುವುದು ಸುಲಭ. ಈ ಹಾರೈಕೆಗಳು ಆ ನಟಿಯರ ವಿಷಯವಾಗಿ ಹೇಳುವುದಕ್ಕಿಂತ ಹೆಚ್ಚಾಗಿ, ಆ ಚಿತ್ರಗಳಲ್ಲಿ ಸ್ತ್ರೀಪಾತ್ರಕ್ಕೆ ಎಷ್ಟು ಜಾಗ ದೊರೆತಿತ್ತೆಂಬುದನ್ನು ಹೇಳುತ್ತವೆ ಎಂಬುದು ನಮ್ಮ ಅಭಿಪ್ರಾಯ. ಅದನ್ನು ಕೆಲವು ನಿದರ್ಶನಗಳಿಂದ ವಿವರಿಸುವುದು ಈ ಲೇಖನದ ಉದ್ದೇಶ.

ಮೊದಲು ಪ್ರಮಾಣದ ಮಾತು. 'ಇಂಥ ನಟಿ ಬಾಂಡ್ ಚಿತ್ರದಲ್ಲಿ ಬರಬೇಕಾಗಿತ್ತು' ಎಂಬ ಒಂದೇ ವಾಕ್ಯದಲ್ಲಿ ಬೇರೆ ಬೇರೆ ತೂಕದ ಸಂಗತಿಗಳು ಅಡಗಿರುತ್ತವೆ. ಆಕೆಯೊಡನೆ ಕರಾರು ಆಗಿ ಮುರಿದಿರಬಹುದು. ಸ್ಕ್ರೀನ್ ಟೆಸ್ಟ್ ಮಾತ್ರ ನಡೆದಿರಬಹುದು. ನಿರ್ಮಾಪಕರು ತಮ್ಮತಮ್ಮೊಳಗೆ ಹೆಸರೆತ್ತಿ ಬಿಟ್ಟಿರಬಹುದು. ಪತ್ರಿಕೆಯವರು ಊಹಿಸಿ ಬರೆದಿರಬಹುದು. ಇವು ಯಾವುವೂ ಇಲ್ಲದೆ ಅದು ಒಬ್ಬ ಪ್ರೇಕ್ಷಕನ ಬಯಕೆ ಮಾತ್ರವಾಗಿರಬಹುದು. ಬಾಯಿಂದ ಬಾಯಿಗೆ ಸಾಗುವಾಗ ಬಯಕೆಯು ವದಂತಿಯಾಗುತ್ತದೆ, ವದಂತಿಯು ವೃತ್ತಾಂತವಾಗುತ್ತದೆ. ಮಂಗಳೂರಿನಲ್ಲಿ ಜನಿಸಿ 1994ರಲ್ಲಿ ವಿಶ್ವಸುಂದರಿಯಾದ ಐಶ್ವರ್ಯಾ ರೈ ಅವರ ಹೆಸರನ್ನು ಈ ಶತಮಾನದ ಮೊದಲ ದಶಕದಲ್ಲಿ ನಮ್ಮ ಪತ್ರಿಕೆಗಳು ಬಾಂಡ್ ಚಿತ್ರಗಳೊಡನೆ ಪದೇ ಪದೇ ಜೋಡಿಸಿದವು. ಆಕೆ ಯಾವ ಬಾಂಡ್ ಚಿತ್ರದಲ್ಲಿಯೂ ನಟಿಸಲಿಲ್ಲ. ಚಲಚ್ಚಿತ್ರದ ಇತಿಹಾಸವನ್ನು ಪ್ರಬಂಧಕ್ಕೆ ಆರಿಸಿಕೊಳ್ಳುವ ವಿದ್ಯಾರ್ಥಿಗಳು ಈ ತಾರತಮ್ಯವನ್ನು ಮರೆತರೆ, ಶಾಸನವನ್ನೂ ಸ್ಥಳಪುರಾಣವನ್ನೂ ಒಂದೇ ತಕ್ಕಡಿಯಲ್ಲಿಟ್ಟು ತೂಗಿದಂತಾಗುತ್ತದೆ.

ಪ್ರಮಾಣವು ಸಾಕಷ್ಟು ದೊರೆಯುವ ಪ್ರಸಂಗವೆಂದರೆ 1965ರ 'ಥಂಡರ್‌ಬಾಲ್' ಚಿತ್ರದ್ದು. ಅದರ ನಾಯಿಕೆ ಡಾಮಿನೋ ಪಾತ್ರಕ್ಕಾಗಿ ಜೂಲಿ ಕ್ರಿಸ್ಟಿ, ರಾಕ್ವೆಲ್ ವೆಲ್ಚ್, ಫೇ ಡನವೇ ಈ ಮೂವರ ಹೆಸರುಗಳೂ ಪರಿಶೀಲನೆಗೆ ಬಂದಿದ್ದವು. ನಿರ್ಮಾಪಕರಲ್ಲೊಬ್ಬರಾದ ಆಲ್ಬರ್ಟ್ ಬ್ರಾಕೊಲಿಯವರು 1964ರಲ್ಲಿ 'ಲೈಫ್' ಪತ್ರಿಕೆಯಲ್ಲಿ ವೆಲ್ಚ್ ಅವರ ಭಾವಚಿತ್ರವನ್ನು ಕಂಡು ಆಕೆಯನ್ನೇ ಆರಿಸಿದರು. ಅಷ್ಟರಲ್ಲಿ ಟ್ವೆಂಟಿಯತ್ ಸೆಂಚುರಿ ಫಾಕ್ಸ್ ಸಂಸ್ಥೆಯ ರಿಚರ್ಡ್ ಜಾನಕರು ತಮ್ಮ 'ಫೆಂಟಾಸ್ಟಿಕ್ ವಾಯೇಜ್' ಚಿತ್ರಕ್ಕೆ ಆಕೆ ಬೇಕೆಂದು ಕೇಳಿಕೊಂಡರು, ಬ್ರಾಕೊಲಿಯವರು ಬಿಟ್ಟುಕೊಟ್ಟರು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲವೆಂದು ಅಭಿಮಾನಿಗಳು ಇಂದಿಗೂ ಮರುಗುವುದು ಈ ಕಾರಣದಿಂದ. ಡನವೇ ಅವರ ವಿಷಯದಲ್ಲಿಯೂ ಮಾತುಕತೆ ಬಹುದೂರ ಸಾಗಿ ನಿಂತುಹೋಯಿತು. ಕಡೆಗೆ ಪಾತ್ರವು ಫ್ರಾನ್ಸಿನ ಕ್ಲೋಡಿನ್ ಓಜೆ ಅವರ ಪಾಲಿಗೆ ಬಂದಿತು. ಫ್ಲೆಮಿಂಗರ ಕಾದಂಬರಿಯಲ್ಲಿ ಡಾಮಿನೋ ಇಟಲಿಯವಳು. ನಟಿಯು ಫ್ರೆಂಚಳಾದುದರಿಂದ ಚಿತ್ರದಲ್ಲಿ ಅವಳ ಮನೆತನದ ಹೆಸರೂ ದೇಶವೂ ಬದಲಾದವು.

ಇಲ್ಲಿ ಎರಡು ಸಂಗತಿಗಳನ್ನು ಗಮನಿಸಬೇಕು. ಒಂದನೆಯದು ಕಾಲದ ವಿಪರ್ಯಾಸ. ಇಂದಿನ ಅಭಿಮಾನಿಯು ಡನವೇ ಎಂದೊಡನೆ ನೆನೆಯುವುದು 1967ರ 'ಬಾನೀ ಅಂಡ್ ಕ್ಲೈಡ್' ಚಿತ್ರದ ನಟಿಯನ್ನು. 'ಥಂಡರ್‌ಬಾಲ್' ಸಿದ್ಧವಾಗುತ್ತಿದ್ದಾಗ ಆ ಚಿತ್ರವಿನ್ನೂ ತೆರೆಗೆ ಬಂದಿರಲಿಲ್ಲ. ಜೂಲಿ ಕ್ರಿಸ್ಟಿಯವರಿಗೆ ಆಸ್ಕರ್ ಪ್ರಶಸ್ತಿಯನ್ನು ತಂದ 'ಡಾರ್ಲಿಂಗ್' ಚಿತ್ರವೂ 1965ರದೇ. ನಿರ್ಮಾಪಕರ ಎದುರಿಗೆ ಆಗ ಕುಳಿತಿದ್ದವರು ಹೆಸರು ಮಾಡಬೇಕಾಗಿದ್ದ ತರುಣಿಯರು. ಪ್ರೇಕ್ಷಕನು ಹಿಂದಿರುಗಿ ನೋಡುವಾಗ ಕಾಣುವವರು ಹೆಸರು ಮಾಡಿ ಮುಗಿಸಿದ ಮಹಾನಟಿಯರು. ಪಾಣಿಪತ್ತಿನಲ್ಲಿ ಸದಾಶಿವರಾಯನು ಹೀಗೆ ಮಾಡಬೇಕಾಗಿತ್ತು ಎಂದು ವಾದಿಸುವ ನಮ್ಮ ವಿದ್ಯಾರ್ಥಿಗಳೂ ಇದೇ ಬಗೆಯ ಅನುಕೂಲವನ್ನು ಪಡೆದಿರುತ್ತಾರೆ.

ಎರಡನೆಯದು ಇದಕ್ಕಿಂತ ಮುಖ್ಯವಾದುದು. ನಟಿ ಬದಲಾದಂತೆ ಪಾತ್ರದ ದೇಶವನ್ನೇ ಬದಲಾಯಿಸಲು ಸಾಧ್ಯವಾಯಿತೆಂದರೆ, ಆ ಪಾತ್ರವು ಎಷ್ಟು ಸಡಿಲವಾಗಿ ಹೆಣೆದದ್ದಾಗಿರಬೇಕು! ಮೊದಮೊದಲಿನ ಚಿತ್ರಗಳಲ್ಲಿ ನಾಯಿಕೆಯ ಧ್ವನಿಯೂ ಅವಳದಾಗಿರಲಿಲ್ಲ. 'ಡಾಕ್ಟರ್ ನೋ' ಚಿತ್ರದಲ್ಲಿ ಸ್ವಿಸ್ ನಟಿ ಉರ್ಸುಲಾ ಆಂಡ್ರೆಸ್ ಅವರಿಗೆ ಕಂಠದಾನ ಮಾಡಿದವರು ನಿಕಿ ವಾನ್ ಡೆರ್ ಜಿಲ್. 1964ರ 'ಗೋಲ್ಡ್‌ಫಿಂಗರ್' ಚಿತ್ರದಲ್ಲಿ ಷರ್ಲಿ ಈಟನ್ ಅವರಿಗೂ, ಮುಂದೆ ಕ್ಲೋಡಿನ್ ಓಜೆ ಅವರಿಗೂ ಮಾತು ಕೊಟ್ಟವರು ಅವರೇ. 1963ರ 'ಫ್ರಮ್ ರಷ್ಯಾ ವಿತ್ ಲವ್' ಚಿತ್ರದಲ್ಲಿ ಇಟಲಿಯ ಡೇನಿಯೆಲಾ ಬಿಯಾಂಕಿಯವರ ತುಟಿಗೆ ಹೊಂದಿಕೊಂಡು ಕೇಳುವುದು ಬಾರ್ಬರಾ ಜೆಫರ್ಡರ ಧ್ವನಿ. ಹೊಸಮುಖವೂ ಚೆಲುವೂ ಸಾಕು, ಉಳಿದುದನ್ನು ಧ್ವನಿಮುದ್ರಣದ ಕೊಠಡಿಯಲ್ಲಿ ಸೇರಿಸಿಕೊಳ್ಳಬಹುದೆಂಬ ಎಣಿಕೆ ಇದರಲ್ಲಿದೆ. ಸುಮಾರು ಹತ್ತು ಲಕ್ಷ ಡಾಲರುಗಳಲ್ಲಿ ಮೊದಲ ಚಿತ್ರವನ್ನು ಮುಗಿಸಿದ ನಿರ್ಮಾಪಕರಿಗೆ ಅದು ಮಿತವ್ಯಯದ ಮಾರ್ಗವೂ ಆಗಿದ್ದಿತು. ಚಿತ್ರದ ನಾಮಾವಳಿಯಲ್ಲಿ ವಾನ್ ಡೆರ್ ಜಿಲ್ ಅವರ ಹೆಸರು ಕಾಣುವುದಿಲ್ಲ. ಅಭಿಮಾನಿಗಳ ಹಾರೈಕೆಗಳಲ್ಲಿಯೂ ಕಾಣುವುದಿಲ್ಲವೆಂಬುದನ್ನು ಹೇಳಲೇಬೇಕು. ಬಯಸಿದವರೆಲ್ಲರೂ ಮುಖವನ್ನು ಬಯಸಿದರು.

ಪಾತ್ರದಲ್ಲಿ ಸತ್ತ್ವವಿದ್ದಾಗ ಆಯ್ಕೆಯ ರೀತಿಯೇ ಬೇರೆಯಾಗುತ್ತದೆ. 1969ರ 'ಆನ್ ಹರ್ ಮೆಜೆಸ್ಟೀಸ್ ಸೀಕ್ರೆಟ್ ಸರ್ವಿಸ್' ಚಿತ್ರದಲ್ಲಿ ಬಾಂಡನು ಟ್ರೇಸಿ ಎಂಬಾಕೆಯನ್ನು ವಿವಾಹವಾಗುತ್ತಾನೆ. ಮದುವೆಯ ದಿನವೇ ಆಕೆ ಕೊಲೆಯಾಗುತ್ತಾಳೆ. ಈ ಪಾತ್ರಕ್ಕೆ ಮೊದಲು ಬಾರ್ದೋ ಅವರನ್ನು ಕೇಳಲಾಯಿತು. ಅವರು ಅದಾಗಲೇ 'ಷಾಲಕೋ' ಎಂಬ ಚಿತ್ರಕ್ಕೆ ಒಪ್ಪಿಕೊಂಡಿದ್ದರು. ಅದರ ನಾಯಕರು ಬಾಂಡ್ ಪಾತ್ರವನ್ನು ಆಗತಾನೆ ಬಿಟ್ಟಿದ್ದ ಷಾನ್ ಕಾನರಿಯವರೇ ಎಂಬುದು ವಿನೋದದ ಸಂಗತಿ. ಹೊಸ ಬಾಂಡ್ ಜಾರ್ಜ್ ಲೇಜನ್‌ಬಿಯವರಿಗೆ ಅಭಿನಯದ ಅನುಭವವಿರಲಿಲ್ಲ. ಆದಕಾರಣ ನುರಿತ ನಟಿಯ ಅಗತ್ಯವುಂಟಾಗಿ, ರಾಯಲ್ ಷೇಕ್ಸ್‌ಪಿಯರ್ ಕಂಪನಿಯ ರಂಗಭೂಮಿಯಲ್ಲಿ ಪಳಗಿದ್ದ ಡಯಾನಾ ರಿಗ್ ಅವರು ಬಂದರು. ಬಾರ್ದೋ ಬಂದಿದ್ದರೆ ಎಂದು ಈಗಲೂ ಕೆಲವರು ಕಲ್ಪಿಸುವುದುಂಟು. ಆದರೆ ರಿಗ್ ಅವರ ಅಭಿನಯವನ್ನು ಕಂಡ ಮೇಲೆ ಆ ಕಲ್ಪನೆಗೆ ಹೆಚ್ಚಿನ ಬಲ ಉಳಿಯುವುದಿಲ್ಲ.

1973ರ 'ಲಿವ್ ಅಂಡ್ ಲೆಟ್ ಡೈ' ಪ್ರಸಂಗವು ಬೇರೊಂದು ಬಗೆಯದು. ಅದರಲ್ಲಿ ಹಾರೈಕೆಗೆ ನ್ಯಾಯದ ಬಣ್ಣವೂ ಕೂಡಿದೆ. ಚಿತ್ರಕಥೆಯನ್ನು ಬರೆದ ಟಾಮ್ ಮ್ಯಾಂಕೀವಿಟ್ಸ್ ಅವರು ನಾಯಿಕೆ ಸಾಲಿಟೇರಳನ್ನು ಕಪ್ಪು ವರ್ಣದವಳನ್ನಾಗಿ ಮಾಡಬೇಕೆಂದೂ, ಗಾಯಕಿ ಡಯಾನಾ ರಾಸ್ ಅದಕ್ಕೆ ತಕ್ಕವರೆಂದೂ ಯೋಚಿಸಿದ್ದರು. ನಿರ್ಮಾಪಕರು ಕಾದಂಬರಿಯ ಬಿಳಿಯ ನಾಯಿಕೆಯನ್ನೇ ಉಳಿಸಿಕೊಂಡು ಜೇನ್ ಸೇಮೂರ್ ಅವರನ್ನು ಆರಿಸಿದರು. ಡಾಮಿನೋಳ ದೇಶವನ್ನು ಬದಲಾಯಿಸಲು ಅಡ್ಡಿಯಾಗದ ಮೂಲಗ್ರಂಥವು ಸಾಲಿಟೇರಳ ವರ್ಣದ ಮಾತು ಬಂದಾಗ ಅಡ್ಡಿಯಾಯಿತು. ಗ್ಲೋರಿಯಾ ಹೆಂಡ್ರಿಯವರು ಅದೇ ಚಿತ್ರದಲ್ಲಿ ಬಾಂಡನ ಪ್ರಣಯಕ್ಕೆ ಪಾತ್ರಳಾಗುವ ಆಫ್ರಿಕನ್ ಅಮೆರಿಕನ್ ಯುವತಿಯಾಗಿ ಬಂದರೂ, ಕಥೆಯ ನಡುವಿನಲ್ಲಿಯೇ ಆ ಪಾತ್ರಕ್ಕೆ ಸಾವು ಒದಗುತ್ತದೆ. ಡಯಾನಾ ರಾಸ್ ಬರಬೇಕಾಗಿತ್ತೆಂಬ ಮಾತನ್ನು ಕೇವಲ ಅಭಿರುಚಿಯ ಮಾತೆಂದು ಎಣಿಸಲು ನಮಗೆ ಮನಸ್ಸಾಗುವುದಿಲ್ಲ.

ನಮ್ಮ ದೇಶವು ಈ ಮಾಲೆಯಲ್ಲಿ ವಿಸ್ತಾರವಾಗಿ ಕಾಣಿಸಿಕೊಂಡುದು 1983ರ 'ಆಕ್ಟೋಪಸ್ಸಿ' ಚಿತ್ರದಲ್ಲಿ. ಉದಯಪುರದ ಸರೋವರದ ನಡುವಣ ಅರಮನೆಯೇ ನಾಯಿಕೆಯ ನಿವಾಸ. ಕಬೀರ್ ಬೇಡಿ, ಟೆನಿಸ್ ಆಟಗಾರ ವಿಜಯ್ ಅಮೃತರಾಜ್ ಇವರೂ ನಟವರ್ಗದಲ್ಲಿದ್ದರು. 1965ರ ಭಾರತಸುಂದರಿಯೂ 1979ರ 'ಸ್ಟಾರ್ ಟ್ರೆಕ್' ಚಿತ್ರದ ನಟಿಯೂ ಆದ ಪರ್ಸಿಸ್ ಖಂಬಾಟಾ ಅವರ ಹೆಸರು ನಾಯಿಕೆಯ ಪಾತ್ರಕ್ಕಾಗಿ ಪರಿಶೀಲನೆಯಲ್ಲಿದ್ದಿತು. ಪಾತ್ರವು ಸ್ವೀಡನ್ನಿನ ಮಾಡ್ ಆಡಮ್ಸ್ ಅವರಿಗೆ ಹೋಯಿತು. 1974ರಲ್ಲಿಯೇ ಒಂದು ಬಾಂಡ್ ಚಿತ್ರದಲ್ಲಿ ನಟಿಸಿದ್ದ ಆಕೆಯ ಕೂದಲಿಗೆ ಈ ಸಲ ಕಪ್ಪು ಛಾಯೆಯನ್ನು ಕೊಡಲಾಯಿತು. ಖಂಬಾಟಾ ಅವರ ಪರವಾಗಿ ಭಾರತೀಯ ಪ್ರೇಕ್ಷಕರು ಹೇಳುವ ಮಾತಿಗೆ ಇತಿಹಾಸದ ಬೆಂಬಲವೂ ಉಂಟು. ಬ್ರಿಟನ್ನಿನ ಗುಪ್ತಕಾರ್ಯದಲ್ಲಿ ಭಾರತ ಮೂಲದ ಸ್ತ್ರೀಯೊಬ್ಬಳು ಇದ್ದಳೆಂಬುದು ಕಟ್ಟುಕಥೆಯಾಗಬೇಕಾಗಿರಲಿಲ್ಲ. ಮೈಸೂರಿನ ಟಿಪ್ಪು ಸುಲ್ತಾನನ ವಂಶಕ್ಕೆ ಸೇರಿದ ನೂರ್ ಇನಾಯತ್ ಖಾನ್ ಅವರು ಎರಡನೆಯ ಮಹಾಯುದ್ಧದಲ್ಲಿ ಬ್ರಿಟನ್ನಿನ ವಿಶೇಷ ಕಾರ್ಯಾಚರಣೆಯ ಸಂಸ್ಥೆಯ ಪರವಾಗಿ, 1943ರ ಜೂನ್ ತಿಂಗಳಲ್ಲಿ ಶತ್ರುವಶವಾಗಿದ್ದ ಫ್ರಾನ್ಸಿಗೆ ಹೋದರು. ಅಲ್ಲಿಗೆ ಕಳುಹಿಸಲಾದ ಮೊದಲ ಮಹಿಳಾ ರೇಡಿಯೋ ನಿರ್ವಾಹಕಿ ಅವರೇ. ಸಂಗಾತಿಗಳು ಒಬ್ಬೊಬ್ಬರಾಗಿ ಸೆರೆಸಿಕ್ಕ ಮೇಲೂ ಪ್ಯಾರಿಸ್ಸಿನಿಂದ ಸಂದೇಶಗಳನ್ನು ಕಳುಹಿಸುತ್ತಿದ್ದು, ಕೊನೆಗೆ ಹಿಡಿಯಲ್ಪಟ್ಟು 1944ರ ಸೆಪ್ಟೆಂಬರಿನಲ್ಲಿ ಡಾಖೌ ಶಿಬಿರದಲ್ಲಿ ಕೊಲ್ಲಲ್ಪಟ್ಟರು. 1949ರಲ್ಲಿ ಮರಣೋತ್ತರವಾಗಿ ಜಾರ್ಜ್ ಕ್ರಾಸ್ ಪದಕವು ಅವರಿಗೆ ಸಂದಿತು. ಇಂಥ ಸ್ತ್ರೀಯರ ಕೆಲಸವು ಕಾಗದಪತ್ರಗಳಲ್ಲಿ ದಾಖಲೆಯಾಗಿದ್ದರೂ, ಗೂಢಚಾರ ಚಿತ್ರದ ನಾಯಿಕೆಗೆ ಬಹುಕಾಲ ಕೆಲಸವೆಂಬುದೇ ಸರಿಯಾಗಿ ದೊರೆಯಲಿಲ್ಲ.

ಹಾರೈಸಿದ ನಟಿಯೇ ಬಂದರೆ ಹಾರೈಕೆ ತೀರುವುದೆ? ಇದಕ್ಕೊಂದು ಪರೀಕ್ಷೆಯೂ ಆಗಿಹೋಗಿದೆ. 1997ರ 'ಟುಮಾರೋ ನೆವರ್ ಡೈಸ್' ಚಿತ್ರದ ಪ್ಯಾರಿಸ್ ಕಾರ್ವರ್ ಎಂಬ ಪಾತ್ರಕ್ಕಾಗಿ ಇಟಲಿಯ ಮೋನಿಕಾ ಬೆಲುಚಿಯವರ ಸ್ಕ್ರೀನ್ ಟೆಸ್ಟ್ ನಡೆದಿತ್ತು. ಪಾತ್ರವು ಟೆರಿ ಹ್ಯಾಚರ್ ಅವರಿಗೆ ದೊರೆಯಿತು. ಅಂದಿನಿಂದ ಬೆಲುಚಿ ಅಭಿಮಾನಿಗಳ ಪಟ್ಟಿಯಲ್ಲಿ ಮೇಲಿನ ಸ್ಥಾನದಲ್ಲಿದ್ದರು. 18 ವರ್ಷಗಳ ತರುವಾಯ, 2015ರ 'ಸ್ಪೆಕ್ಟರ್' ಚಿತ್ರದಲ್ಲಿ ಅವರು ಬಂದರು. ಐವತ್ತು ದಾಟಿದ ನಟಿಗೆ ಈ ಮಾಲೆಯಲ್ಲಿ ಪ್ರಣಯದ ಪಾತ್ರ ಸಂದುದು ಹೊಸ ಸಂಗತಿಯೆಂದು ಎಲ್ಲೆಡೆ ಮಾತಾಯಿತು. ಚಿತ್ರದಲ್ಲಿ ನೋಡಿದರೆ ಆಕೆಯ ಪಾಲಿಗೆ ಉಳಿದಿದ್ದುದು ಕೆಲವೇ ನಿಮಿಷಗಳು. ಗಂಡನ ಶವಸಂಸ್ಕಾರದಲ್ಲಿ ನಿಲ್ಲುತ್ತಾಳೆ, ಬಾಂಡನಿಗೆ ಬೇಕಾದ ಸುದ್ದಿಯನ್ನು ಹೇಳುತ್ತಾಳೆ, ಕಥೆಯಿಂದ ಮರೆಯಾಗುತ್ತಾಳೆ. (ನಮ್ಮ ದೇಶದಲ್ಲಿ ಸೆನ್ಸಾರ್ ಮಂಡಲಿಯು ಚುಂಬನದ ದೃಶ್ಯಗಳನ್ನು ಮೊಟಕುಗೊಳಿಸಿದ್ದರಿಂದ ಆ ಕೆಲವು ನಿಮಿಷಗಳೂ ಪೂರ್ತಿಯಾಗಿ ಸಿಗಲಿಲ್ಲ.) ಬಯಸಿದ ನಟಿ ದೊರೆತಳು, ಬಯಸಿದ ಪಾತ್ರ ದೊರೆಯಲಿಲ್ಲ. ಇದರ ಮಗ್ಗುಲಲ್ಲಿ 2006ರ 'ಕ್ಯಾಸಿನೋ ರಾಯಲ್' ಚಿತ್ರವನ್ನಿಟ್ಟು ನೋಡಬೇಕು. ವೆಸ್ಪರ್ ಲಿಂಡ್ ಪಾತ್ರಕ್ಕೆ ಇವಾ ಗ್ರೀನ್ ಅವರು ಆಯ್ಕೆಯಾಗುವ ಮೊದಲು ಇನ್ನೂ ಪ್ರಸಿದ್ಧರಾದ ನಟಿಯರ ಹೆಸರುಗಳು ಪತ್ರಿಕೆಗಳಲ್ಲಿ ಓಡಾಡಿದ್ದವು. ಚಿತ್ರವು ತೆರೆಕಂಡ ಮೇಲೆ ಆ ಹೆಸರುಗಳಿಗಾಗಿ ಹಂಬಲಿಸುವ ದನಿ ಬಹುಮಟ್ಟಿಗೆ ಅಡಗಿತು. ವೆಸ್ಪರಳಿಗೆ ಸ್ವಂತ ಬುದ್ಧಿ, ಸ್ವಂತ ದುಃಖ, ಬಾಂಡನಿಂದ ಮುಚ್ಚಿಟ್ಟ ಸ್ವಂತ ರಹಸ್ಯ ಇವೆಲ್ಲವೂ ಇದ್ದವು. ನಟಿಸಲು ಏನೋ ಇದ್ದಿತು.

ಕನ್ನಡ ಪ್ರೇಕ್ಷಕರಿಗೆ ಬಾಂಡನ ಜಾಡಿನಲ್ಲಿ ನಡೆದ ಸ್ವಂತ ಚಿತ್ರಮಾಲೆಯೊಂದಿರುವುದರಿಂದ ಈ ವಿಷಯವು ನಮಗೆ ತೀರ ಹೊರಗಿನದಲ್ಲ. ದೊರೈ-ಭಗವಾನ್ ಅವರ ನಿರ್ದೇಶನದಲ್ಲಿ ರಾಜಕುಮಾರ್ ಅವರು ಸಿ.ಐ.ಡಿ. 999 ಆಗಿ ಬಂದ ಮೊದಲ ಚಿತ್ರ 'ಜೇಡರ ಬಲೆ' 1968ರದು. ಅದರ ನಾಯಿಕೆ ಜಯಂತಿ. ಅದೇ ವರ್ಷದ 'ಗೋವಾದಲ್ಲಿ ಸಿ.ಐ.ಡಿ. 999' ಚಿತ್ರದಲ್ಲಿ ಲಕ್ಷ್ಮಿಯವರೂ, 1969ರ 'ಆಪರೇಷನ್ ಜಾಕ್‌ಪಾಟ್‌ನಲ್ಲಿ ಸಿ.ಐ.ಡಿ. 999' ಚಿತ್ರದಲ್ಲಿ ರೇಖಾ ಅವರೂ ನಾಯಿಕೆಯರಾದರು. ಈ ಚಿತ್ರದ ನಟವರ್ಗವನ್ನು ಇಂದು ಓದುವವನಿಗೆ ಕಣ್ಣೆದುರು ನಿಲ್ಲುವುದು 1981ರ 'ಉಮ್ರಾವ್ ಜಾನ್' ಚಿತ್ರದ ರೇಖಾ. ಇಂಥ ನಟಿಯನ್ನು ಆರಿಸಿದವರ ದೂರದೃಷ್ಟಿಗೆ ಆತನು ತಲೆದೂಗುತ್ತಾನೆ. 1969ರಲ್ಲಿ ಚಿತ್ರಮಂದಿರದಲ್ಲಿ ಕುಳಿತಿದ್ದವರು ಕಂಡುದು, ಇನ್ನೂ ಹಿಂದಿಯ ತೆರೆಯ ಮೇಲೆ ನಾಯಿಕೆಯಾಗದಿದ್ದ ಹದಿಹರೆಯದ ಹುಡುಗಿಯೊಬ್ಬಳನ್ನು.